ಕ್ಷೌರದವನು ಕುರ್ಚಿಯಲ್ಲಿ ಕೂತ ದಿನ

ವೃದ್ಧಾಶ್ರಮದ ಅಡುಗೆಯವಳಿಗೆ ಎಲ್ಲದರಲ್ಲೂ ಮೂಗು ತೂರಿಸುವ ಅಭ್ಯಾಸ. ಯಾರ ಮಗಳು ಬಂದಳು, ಯಾರ ಸೊಸೆ ಮುಖ ಊದಿಸಿಕೊಂಡು ಹೋದಳು, ಎಲ್ಲವೂ ಗೊತ್ತಾಗಬೇಕು. ಒಬ್ಬ ಮಾತ್ರ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ: ಕ್ಷೌರದವನು.

ಪೇಟೆಯಲ್ಲಿ ಅವನದು ಚೆನ್ನಾಗಿ ನಡೆಯುವ ಅಂಗಡಿ. ರಜೆಯ ದಿನ ಮನೆಯಲ್ಲಿ ಕಾಲು ಚಾಚಿ ಮಲಗುವುದು ಬಿಟ್ಟು ಇಲ್ಲಿಗೆ ಬರುತ್ತಿದ್ದ. ಬರೀ ಗಡ್ಡ ತೆಗೆದು ಹೋಗಿದ್ದರೆ ಸರಿ. ಆಮೇಲೆ ನೆಲದ ಮೇಲೆ ಕೂತು, ಬೇಸಿನ್ನಿನ ಬಿಸಿನೀರಲ್ಲಿ ಮುದುಕರ ಪಾದ ನೆನೆಸಿ, ಕಲ್ಲಾಗಿದ್ದ ಉಗುರು ಕತ್ತರಿಸಿ, ಬೆರಳ ಸಂದಿಯನ್ನೂ ಬಿಡದೆ ಒರೆಸುತ್ತಿದ್ದ. ಹೆತ್ತ ಮಕ್ಕಳೂ ಮುಟ್ಟದ ಕಾಲುಗಳು ಅವು.

ಬೇಸಿನ್ನಿಗೆ ನೀರು ಹೊಯ್ಯುತ್ತ ಒಂದು ದಿನ ಅವಳು ಕೇಳಿಯೇ ಬಿಟ್ಟಳು. "ಅಲ್ಲಣ್ಣ, ಏನಾದ್ರೂ ಹರಕೆನಾ?"

"ಹರಕೆ ಏನಿಲ್ಲ ತಂಗಿ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನ ಚರ್ಚಲ್ಲಿ ಕೇಳ್ದಾಗೆಲ್ಲ ಅನ್ಸೋದು, ಈ ಕೆಲಸ ನಂಗೂ ಬರುತ್ತಲ್ಲ ಅಂತ."

ಅವಳಿಗೆ ಸಮಾಧಾನವಾಗಲಿಲ್ಲ. ಇಷ್ಟೇ ಇರಲಿಕ್ಕಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ಅವನು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡ. ಆದರೂ ರಜೆಯ ದಿನ ತಪ್ಪಿಸಲಿಲ್ಲ. ಕೈಗೆ ಪ್ಲಾಸ್ಟರ್, ಮುಖದ ತುಂಬ ಕುರುಚಲು ಗಡ್ಡ, ಸುಮ್ಮನೆ ಬಂದು ಎಲ್ಲರ ಜೊತೆ ಹರಟುತ್ತ ಕೂತ. ಅವನನ್ನೇ ದಿಟ್ಟಿಸುತ್ತಿದ್ದವರು ಕಂಡಕ್ಟರ್ ತಾತ. ಬಸ್ಸಿನಲ್ಲಿ ದುಡಿದು ನಿವೃತ್ತರಾದವರು, ಮೂಗಿನ ತುದಿಯಲ್ಲೇ ಕೋಪ. ನಡುಗುವ ಕೈಯಲ್ಲಿ ರೇಜರ್ ಹಿಡಿದು ಎದ್ದು ಬಂದರು.

"ಬಾರೋ ಇಲ್ಲಿ. ನಿನ್ನ ಗಡ್ಡ ನಾನು ತೆಗೀತೀನಿ."

"ಅಯ್ಯೋ, ಬೇಡ ತಾತ! ನಿಮ್ಮ ಕೈಲಿ ಮಾಡಿಸ್ಕೊಳ್ಳೋದಾ? ನಿಮ್ಮ ಸೇವೆ ಮಾಡೋಕೆ ಬರೋನು ನಾನು."

ತಾತನ ಮುಖ ಸಪ್ಪಗಾಯಿತು. "ಹೌದಪ್ಪ, ನಮ್ಮ ಕೈಲಿ ಇನ್ನೇನಾಗುತ್ತೆ" ಎಂದು ಹಿಂದೆ ತಿರುಗಿದರು.

ಬಾಗಿಲಲ್ಲಿ ನಿಂತಿದ್ದ ಅಡುಗೆಯವಳಿಗೆ ತಡೆಯಲಾಗಲಿಲ್ಲ. "ಅಣ್ಣ, ಇವರೆಲ್ಲ ನಾಚಿಕೆ ನುಂಗ್ಕೊಂಡು ನಿಮ್ಮ ಕೈಗೆ ಕಾಲು ಕೊಟ್ರು. ನಿಮಗೆ ಒಂದು ಗಲ್ಲ ಕೊಡೋಕಾಗಲ್ವಾ?"

ಕ್ಷೌರದವನ ಕಿವಿ ಕೆಂಪಾಯಿತು. ಎದ್ದು ಹೋಗಿ ಕುರ್ಚಿಯಲ್ಲಿ ಕೂತ. ಸೋಪಿನ ನೊರೆ ಮೂಗಿಗೂ ಹೋಯಿತು, ಕಿವಿಗೂ ಹೋಯಿತು. ಸುತ್ತ ನಿಂತ ಮುದುಕರಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಮೊದಲ ಬಾರಿ ಕ್ಷೌರಕ್ಕೆ ಕೂತ ಮಗುವಿನಂತೆ ಅವನು ಕಣ್ಣು ಬಿಗಿಯಾಗಿ ಮುಚ್ಚಿದ್ದ. ಚುರ್ರೆಂದಿತು, ಗಲ್ಲದ ಮೇಲೆ ರಕ್ತದ ಹನಿ.

"ಸತ್ತೋದ್ಯೇನೋ?" ತಾತ ಗಾಬರಿಯಾದರು.

"ಇಲ್ಲ ತಾತ. ಇನ್ನೊಂದು ಕೆನ್ನೆನೂ ಇದೆ, ತಗೊಳ್ಳಿ."

ಕೋಣೆಯೆಲ್ಲ ನಕ್ಕಿತು. ತಾತ ನಕ್ಕಿದ್ದನ್ನು ಅಡುಗೆಯವಳು ನೋಡಿದ್ದು ಅದೇ ಮೊದಲು.

ಗೇಟಿನ ತನಕ ಅವಳು ಅವನ ಜೊತೆ ಹೋದಳು. "ಉರೀತಾ ಇದೆಯಾ ಅಣ್ಣ?"

"ಗಾಯ ಏನಿಲ್ಲ ತಂಗಿ. ಬೇಡ ಅಂದಾಗ ತಾತನ ಮುಖ ನೋಡಿದ್ನಲ್ಲ, ಅದು ಉರೀತಾ ಇದೆ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವನು ಮತ್ತೆ ಬೇಸಿನ್ನಿನ ಮುಂದೆ ಕೂತ. ಗಡ್ಡದ ಕೆಲಸ ಮಾತ್ರ ತಾತನ ಪಾಲಿಗೇ ಉಳಿಯಿತು. ಧೈರ್ಯವಿದ್ದವರು ಅವರ ಮುಂದೆ ಸಾಲು ನಿಲ್ಲುತ್ತಾರೆ. "ಮುಂದೆ ಬನ್ನಿ, ಮುಂದೆ ಬನ್ನಿ, ಜಾಗ ಇದೆ!" ಎಂದು ತಾತ ಕೂಗುವುದು ಅಡುಗೆಮನೆಗೂ ಕೇಳುತ್ತದೆ.