ಶರ್ಶೆನ್ ಮನೆಯ ಗೋಡೆಯಲ್ಲಿದ್ದ ನಕ್ಷೆ

ಚೂಯ್ ಕಣಿವೆಯ ನಮ್ಮ ಅಕ್-ಕಮಿಶ್ ಊರು ಒಂದು ಕಾಲದಲ್ಲಿ ಬಹುಪಾಲು ಜವುಗು, ನಡುವೆ ನಾಲ್ಕಾರು ಮನೆ. ಸೋವಿಯತ್ ಕಾಲದಲ್ಲಿ ನೆಲದಡಿ ಮಣ್ಣಿನ ಕೊಳವೆಗಳನ್ನು ಹೂತು, ನೀರನ್ನು ಹೊಳೆಗೆ ಬಸಿದು, ಮೇಲೆ ಉಳಿದ ಮನೆಗಳನ್ನು ಕಟ್ಟಿದರು. ಆ ಕೊಳವೆಗಳ ನಕ್ಷೆ ಬರೆದವರು ಕಾಲಿಚಾ ಅಕ್ಕ. ಆಗ ಅವರಿಗೆ ಇಪ್ಪತ್ತಾರು, ನೀರಾವರಿ ಕಚೇರಿಯ ನಕ್ಷೆಗಾರ್ತಿ. ನಾನು ಹೇಳುತ್ತಿರುವ ಘಟನೆ ನಡೆದಾಗ ಅರವತ್ತೆಂಟು. ನಾನು ಊರಿನ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು.

ಆ ವರ್ಷ ಮಾರ್ಚಿನಲ್ಲಿ ಊರಿನ ನೆಲಮಾಳಿಗೆಗಳಲ್ಲಿ ನೀರು ಎದ್ದಿತು. ಆಲೂಗಡ್ಡೆ ತೇಲಿದವು. ಉಪ್ಪಿನಕಾಯಿ ಜಾಡಿಗಳು ಒಂದಕ್ಕೊಂದು ಬಡಿಯುವ ಸದ್ದು ಮೇಲಿನ ಕೋಣೆಗೂ ಕೇಳುತ್ತಿತ್ತು. ಪಟ್ಟಣದಿಂದ ಬಂದ ಎಂಜಿನಿಯರ್ ಕಾನಿಮೆತ್ ಶಾಲೆಯಲ್ಲಿ ಸಭೆ ಕರೆದ.

"ಎಲ್ಲೋ ಕೊಳವೆ ಕಟ್ಟಿಕೊಂಡಿದೆ. ನಕ್ಷೆ ಇದ್ರೆ ಮೂರು ದಿನದ ಕೆಲಸ. ಇಲ್ದಿದ್ರೆ ಊರನ್ನೇ ಅಗೀಬೇಕು" ಎಂದ.

ಎಲ್ಲೂ ನಕ್ಷೆ ಸಿಗಲಿಲ್ಲ; ನೀರಾವರಿ ಕಚೇರಿ ಮುಚ್ಚಿದಾಗ ಸುಟ್ಟುಹೋಯಿತೆಂದೇ ಎಲ್ಲರೂ ನಂಬಿದ್ದರು. ಕಾಲಿಚಾ ಅಕ್ಕ ಅಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಸಭೆ ಮುಗಿದೊಡನೆ ಎದ್ದು ಹೋದರು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಪಾಠದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದರು. ಕುಳಿತುಕೊಳ್ಳಲೂ ಇಲ್ಲ.

"ಮೇಷ್ಟ್ರೇ, ನಕ್ಷೆ ಎಲ್ಲಿದೆ ಅಂತ ನಂಗೊತ್ತು. ಶರ್ಶೆನ್ ಮನೆ ಗೋಡೇಲಿ."

ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ.

ಅಕ್ಕ ಹೇಳಿದ್ದಿಷ್ಟು: ತೊಂಬತ್ತೈದನೇ ಇಸವಿಯಲ್ಲಿ ಕಚೇರಿ ಮುಚ್ಚಿತ್ತು. ಏಳು ತಿಂಗಳಿಂದ ಸಂಬಳವಿಲ್ಲ, ಗಂಡ ಹಾಸಿಗೆ ಹಿಡಿದಿದ್ದ. ಕಾಗದಗಳನ್ನೆಲ್ಲ ಒಲೆಗೆ ಹಾಕಿ ಎಂದು ಮೇಲಿನವರು ಹೇಳಿದಾಗ ಅಕ್ಕ ತಮ್ಮ ನಕ್ಷೆಯನ್ನು ಸುತ್ತಿಕೊಂಡು ಮನೆಗೆ ತಂದರು. ಆ ಚಳಿಗಾಲ ಶರ್ಶೆನ್ ಹೊಸ ಕೋಣೆ ಕಟ್ಟಿಸುತ್ತಿದ್ದ. ಗೋಡೆಗೆ ಬಣ್ಣದ ಕಾಗದ ಅಂಟಿಸುವ ಮೊದಲು ಅದರಡಿಗೆ ದಪ್ಪ ಕಾಗದ ಬೇಕಿತ್ತು.

"ಹದಿನಾಲ್ಕು ತಿಂಗಳು ಕೂತು ಬರೆದದ್ದು. ಒಂದು ಮೂಟೆ ಹಿಟ್ಟಿಗೆ ಕೊಟ್ಬಿಟ್ಟೆ. ರೊಟ್ಟಿ ಏನೋ ಚೆನ್ನಾಗೇ ಇತ್ತು" ಎಂದರು.

"ಇಷ್ಟು ದಿನ ಯಾಕಕ್ಕ ಸುಮ್ನಿದ್ರಿ?"

"ಸರ್ಕಾರದ ನಕ್ಷೆ ಮಾರ್ಕೊಂಡೋಳು ಅಂತ ಅನ್ನಿಸ್ಕೊಳ್ಳೋಕೆ ಯಾರಿಗೆ ಆಸೆ? ಆದ್ರೆ ನಿನ್ನೆ ಪಕ್ಕದ ಮನೆ ಗೋಡೆ ಬಿರುಕು ಬಿಡ್ತು. ಒಳಗೆ ಬಾಣಂತಿ ಮಲಗಿದಾಳೆ."

ಕಾನಿಮೆತ್‌ನನ್ನು ಕರೆದುಕೊಂಡು ಮೂವರೂ ಶರ್ಶೆನ್ ಮನೆಗೆ ಹೋದೆವು. ಶರ್ಶೆನ್ ಎಪ್ಪತ್ತು ದಾಟಿದ ಮುಂಗೋಪಿ. ಬಾಗಿಲಲ್ಲೇ ನಿಲ್ಲಿಸಿದ.

"ಕೊಟ್ಟೋಳು ನೀನೇ, ಈಗ ವಾಪಸ್ ಕೇಳೋಳೂ ನೀನೇನಾ?"

"ವಾಪಸ್ ಯಾರಿಗೆ ಬೇಕು? ನೋಡ್ಬೇಕು ಅಷ್ಟೆ."

"ನೋಡೋಕೆ ನನ್ ಗೋಡೆ ಕೀಳ್ಬೇಕಾ?"

"ಮೇಲಿನ ಕಾಗದ ಮಾತ್ರ. ನಿನ್ ಮಾಳಿಗೇಲಿ ನೀರೆಷ್ಟಿದೆ?"

ಶರ್ಶೆನ್ ಗಡ್ಡ ಕೆರೆದುಕೊಂಡ. "ಮೊಣಕಾಲುದ್ದ" ಎಂದು ಒಳಗೆ ಬಿಟ್ಟ. ಗೋಡೆಯ ಮೇಲಿದ್ದ ಉಣ್ಣೆಯ ಕಂಬಳಿಯನ್ನು ತಾನೇ ಇಳಿಸಿದ.

ಮೂರು ಪದರ ಬಣ್ಣದ ಕಾಗದವಿತ್ತು. ಕುದಿಯುವ ಕೆಟಲಿನ ಹಬೆ ಹಿಡಿದು, ಬೆಣ್ಣೆ ಚಾಕುವಿನಿಂದ ಎಬ್ಬಿಸುತ್ತ ಹೋದರು ಅಕ್ಕ. ಕಪ್ಪು ಶಾಯಿ ಹಬೆಗೆ ಜಗ್ಗುವುದಿಲ್ಲ, ಆದರೆ ಕೊಳವೆಗಳನ್ನು ಬರೆದಿದ್ದ ಕೆಂಪು ಶಾಯಿ ಹರಡಿಬಿಡುತ್ತದೆ ಎಂದು ಅವರಿಗೆ ನೆನಪಿತ್ತು. ಕೆಂಪು ಇಣುಕಿದಲ್ಲೆಲ್ಲ ಹಬೆ ಬಿಟ್ಟು ಉಗುರಿನಿಂದಲೇ ಕೆರೆದರು. ಎರಡು ದಿನ ಹಿಡಿಯಿತು. ಮೂರು ಮೀಟರ್ ಅಗಲದ ನಕ್ಷೆ ಹಳದಿಗಟ್ಟಿ ಗೋಡೆಯ ತುಂಬ ಹರಡಿಕೊಂಡಿತ್ತು. ಅಂಚನ್ನು ಮುಟ್ಟಿದರೆ ಒಣ ರೊಟ್ಟಿಯಂತೆ ಉದುರುತ್ತಿತ್ತು. ಗೋಡೆಯಿಂದ ಬಿಡಿಸುವ ಮಾತೇ ಇಲ್ಲ. ಫೋನಿನಲ್ಲಿ ಫೋಟೊ ತೆಗೆದರೆ ಗೆರೆಗಳು ಬಾಗಿದವು, ಸಣ್ಣ ಅಂಕಿಗಳು ಕಲಸಿಹೋದವು.

ನನ್ನ ಬಳಿ ಒಂದು ಕೈ ಸ್ಕ್ಯಾನರ್ ಇತ್ತು. ಊರಿನ ವಂಶಾವಳಿಯ ಸುರುಳಿಗಳನ್ನು ನಕಲು ಮಾಡಲು ತಂದದ್ದು. ಗೇಣುದ್ದದ ಕೋಲು, ಹೊಟ್ಟೆಯಲ್ಲಿ ದೀಪ, ಪಕ್ಕದಲ್ಲಿ ಪುಟ್ಟ ಗಾಲಿ. ಕಾಗದದ ಮೇಲೆ ನೇರವಾಗಿ, ಒಂದೇ ವೇಗದಲ್ಲಿ ಎಳೆಯಬೇಕು. ಅವಸರ ಮಾಡಿದರೆ ಕೆಂಪು ದೀಪ ಹತ್ತುತ್ತದೆ. ಮೇಜಿನ ಮೇಲೆ ಸಲೀಸು, ಗೋಡೆಯ ಮೇಲೆ ಬೇರೆ ಕತೆ. ನಾನು ಎಳೆದ ಮೊದಲ ಪಟ್ಟಿಯಲ್ಲಿ ಕೊಳವೆಗಳು ಹಾವಿನಂತೆ ಬಂದವು.

"ಇಲ್ಲಿ ಕೊಡಿ ಮೇಷ್ಟ್ರೇ, ನೀವು ಕುರಿ ಉಣ್ಣೆ ಕತ್ತರಿಸ್ತಿಲ್ಲ" ಎಂದು ಅಕ್ಕ ಕೋಲನ್ನು ಕಿತ್ತುಕೊಂಡರು.

ಗೋಡೆಗೆ ಒಂದು ನೇರ ಹಲಗೆ ಒತ್ತಿ ಹಿಡಿಯಲು ನನಗೂ ಕಾನಿಮೆತ್‌ಗೂ ಹೇಳಿದರು. ಅದರ ಅಂಚಿಗೆ ಕೋಲನ್ನು ತಾಗಿಸಿ ಮೇಲಿನಿಂದ ಕೆಳಕ್ಕೆ ಇಳಿಸಿದರು. ಉಸಿರು ಹಿಡಿದು ಒಂದು ಪಟ್ಟಿ, ಉಸಿರು ಬಿಟ್ಟು ಹಲಗೆ ಸರಿಸುವುದು. ಪ್ರತಿ ಪಟ್ಟಿಯೂ ಹಿಂದಿನದರ ಮೇಲೆ ಎರಡು ಬೆರಳು ಹತ್ತಬೇಕು, ಜೋಡಿಸಲು ಗುರುತು ಸಿಗಲಿ ಎಂದು. ಬಾಣಲೆಯಲ್ಲಿ ಹಿಟ್ಟಿನ ಬೋರ್ಸೋಕ್ ತುಂಡುಗಳನ್ನು ಕರಿಯುತ್ತಿದ್ದ ಶರ್ಶೆನ್‌ನ ಸೊಸೆ ಎರಡು ಸಲ ಚಹಾಕ್ಕೆ ಕರೆದಳು. ಯಾರೂ ಕದಲಲಿಲ್ಲ. ಹದಿನಾರು ಪಟ್ಟಿಗಳು. ಒಂದರಲ್ಲೂ ಕೆಂಪು ದೀಪ ಹತ್ತಲಿಲ್ಲ.

ಸಂಜೆ ಕಂಪ್ಯೂಟರಿನಲ್ಲಿ ಪಟ್ಟಿಗಳನ್ನು ಜೋಡಿಸಿದಾಗ ಬಲಗಡೆಯ ಬಾಗಿಲಿನ ಜಾಗದಲ್ಲಿ ಏನು ಕಳೆದುಹೋಗಿದೆ ಎಂಬುದು ಗೊತ್ತಾಯಿತು. ಮಗನ ಮದುವೆಗೆ ಶರ್ಶೆನ್ ಆ ಬಾಗಿಲು ಒಡೆಸಿದ್ದ. ಊರ ಕೆಳಗಿನ ಮುಖ್ಯ ಗುಂಡಿ, ಅಂದರೆ ಕೊಳವೆಗಳೆಲ್ಲ ಸೇರುವ ಜಾಗ, ಬಾಗಿಲಿನೊಂದಿಗೇ ಹೋಗಿತ್ತು.

ಅಕ್ಕ ಪೆನ್ಸಿಲು ತೆಗೆದುಕೊಂಡು ಎರಡೂ ಕಡೆಯ ಗೆರೆಗಳನ್ನು ನೇರ ಎಳೆದು ಸೇರಿಸಿದರು. ಮರುದಿನ ಬೀದಿಯಲ್ಲಿ ಆ ಜಾಗ ಅಗೆದರೆ ಬರೀ ಕೆಸರು. ನೋಡಲು ಬಂದ ಶರ್ಶೆನ್ ಬಿಡಲಿಲ್ಲ: "ಹಿಟ್ಟು ಜೀರ್ಣ ಆಯ್ತು, ನೆನಪೂ ಜೀರ್ಣ ಆಯ್ತು."

ಅಕ್ಕ ಆ ಕೆಸರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ಬೀದಿಯನ್ನೇ ನೋಡಿದರು. ಆಮೇಲೆ, "ಇಲ್ಲೊಂದು ಜರ್ದಾಳು ಮರ ಇತ್ತಲ್ವಾ?" ಎಂದು ಕೇಳಿದರು.

"ನಮ್ಮಮ್ಮಂದು. ಕಡಿದು ಇಪ್ಪತ್ತು ವರ್ಷ ಆಯ್ತು" ಎಂದ ಶರ್ಶೆನ್.

"ನಿಮ್ಮಮ್ಮ ಮರ ತಬ್ಕೊಂಡು ನಿಂತ್ಬಿಟ್ರು, ಕಡಿಯೋಕೆ ಬಿಡ್ಲಿಲ್ಲ. ಕೊಳವೇನ ನಾಲ್ಕು ಮೀಟರ್ ಆಚೆ ತಿರುಗಿಸಿದ್ರು. ಆ ಗೆರೆ ಅಳಿಸಿ ಮತ್ತೆ ಬರೆದೋಳು ನಾನೇ."

ನಾಲ್ಕು ಮೀಟರ್ ಆಚೆ ಅಗೆದರು. ಆಳು ಮುಳುಗುವಷ್ಟು ಇಳಿದ ಮೇಲೆ ಗುದ್ದಲಿ ಸಿಮೆಂಟಿನ ಮುಚ್ಚಳಕ್ಕೆ ತಾಗಿತು. ಕೆಳಗೆ ವಿಲೋ ಮರದ ಬೇರು ಕೊಳವೆಯ ಬಾಯಲ್ಲಿ ಕುದುರೆ ಬಾಲದಂತೆ ತುಂಬಿಕೊಂಡಿತ್ತು. ಬೇರು ಕಿತ್ತ ಕೂಡಲೇ ನೀರು ಗುಳುಗುಳು ಎಂದು ಹೊಳೆಯ ಕಡೆ ಹೊರಟಿತು. ಶರ್ಶೆನ್ ಟೋಪಿ ತೆಗೆದು ತಲೆ ಒರೆಸಿಕೊಂಡು, "ನಮ್ಮಮ್ಮ ಜಗ್ಗೋ ಹೆಂಗಸಲ್ಲ ಬಿಡು" ಎಂದ. ಕಾಲಿಚಾ ಅಕ್ಕ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕುಳಿತು ಅತ್ತರು. ನಾನು ಬೇರೆ ಕಡೆ ನೋಡಿದೆ.

ಜೂನಿನ ಹೊತ್ತಿಗೆ ಮಾಳಿಗೆಗಳು ಒಣಗಿದವು. ಮುಂದಿನ ಸಭೆಯಲ್ಲಿ ಅಕ್ಕ ಹಿಟ್ಟಿನ ಮೂಟೆಯ ವಿಷಯವನ್ನು ಎದ್ದು ನಿಂತು ಹೇಳಿದರು. ಕೆಲವರು ಬಾವಿಕಟ್ಟೆಯಲ್ಲಿ ಇಂದಿಗೂ ಅದನ್ನೇ ಆಡಿಕೊಳ್ಳುತ್ತಾರೆ. ಬಾಣಂತಿಯ ಮನೆಯವರು ಮಾತ್ರ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅವರನ್ನೇ ಮೊದಲು ಕರೆದರು. ಕಾನಿಮೆತ್ ನಕ್ಷೆಯ ನಕಲನ್ನು ಪಟ್ಟಣಕ್ಕೆ ಒಯ್ದ. ಆ ಶರತ್ಕಾಲದಲ್ಲೇ ಪಕ್ಕದ ಎರಡು ಊರಿನವರು ಅಕ್ಕನನ್ನು ಹುಡುಕಿಕೊಂಡು ಬಂದರು. ಒಂದು ಊರಿನ ನಕ್ಷೆ ಬಟ್ಟೆಯ ಮೇಲಿತ್ತು, ಇನ್ನೊಂದರದ್ದು ಕೊಟ್ಟಿಗೆಯ ಸೂರಿನಲ್ಲಿ. ನನ್ನ ಸ್ಕ್ಯಾನರ್ ಈಗ ಅಕ್ಕನ ಚೀಲದಲ್ಲೇ ಇರುತ್ತದೆ. ನನಗೆ ಬೇಕಾದಾಗ ಎರಡು ದಿನ ಮುಂಚೆ ಹೇಳಬೇಕು.