ಕೆಂಪು ಸೆರಗಿಗೆ ಕೊಂಡಿ ಹಾಕಿದವರು

ಇಳಕಲ್ ಸೀರೆಯ ಒಡಲಿಗೆ ಉದ್ದನೆಯ ಎಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದನ್ನು ಕೊಂಡಿ ಹಾಕುವುದು ಎನ್ನುತ್ತೇವೆ. ನಮ್ಮ ಓಣಿಯಲ್ಲಿ ಅದು ಹೆಂಗಸರ ಕೆಲಸ. ನಮ್ಮತ್ತೆ ಕಣ್ಣು ಹೋಗುವ ತನಕ ಸಾವಕಾರರ ಮಗ್ಗಗಳಿಗೆ ಕೊಂಡಿ ಹಾಕಿದವರು.

ಅವರ ಹರೆಯದಲ್ಲಿ ಗಂಡ ಸತ್ತವಳಿಗೆ ಮದುವೆ ಸೀರೆಯ ಕೆಂಪು ಸೆರಗು ಮುಟ್ಟಗೊಡುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗಿ ಕೂಸುಗಳನ್ನು ಕಟ್ಟಿಕೊಂಡು ಗಂಡನಿಲ್ಲದೆ ಉಳಿದಾಗ, ಅತ್ತೆ ಅವಳ ಕೈಹಿಡಿದು ಕರೆದೊಯ್ದು ಕೊಂಡಿ ಹಾಕಲು ತಮ್ಮ ಪಕ್ಕ ಕೂಡಿಸಿಕೊಂಡರು. ಸಾವಕಾರ್ತಿ ಇಬ್ಬರನ್ನೂ ಹೊರಗೆ ಹಾಕಿದಳು. ಅದನ್ನು ಕಂಡು ಉಳಿದ ಹೆಂಗಸರೂ ಎದ್ದು ಬಂದರು. ಮಗ್ಗಗಳು ನಿಂತವು. ಕಡೆಗೆ ಸಾವಕಾರ್ತಿಯೇ ಆಳು ಕಳಿಸಿ ಎಲ್ಲರನ್ನೂ ಕರೆಸಿಕೊಂಡಳು. ಅಂದಿನಿಂದ ಕೊಂಡಿಗೆ ಕೂಡುವವಳ ಹಣೆಯನ್ನು ನಮ್ಮ ಓಣಿಯಲ್ಲಿ ಯಾರೂ ನೋಡುವುದಿಲ್ಲ.

ಅತ್ತೆ ಇದನ್ನು ಯಾರ ಮುಂದೂ ಆಡಿದವರಲ್ಲ. ನನಗೆ ಹೇಳಿದ್ದು ನನ್ನ ಬಾಣಂತನದಲ್ಲಿ, ಬೆನ್ನಿಗೆ ಎಣ್ಣೆ ತಿಕ್ಕುತ್ತ.

ಊರಿನ ದೊಡ್ಡವರು, ಬಡವರು, ಎಲ್ಲರ ಬದುಕನ್ನೂ ಸೇರಿಸಿ ಪುಸ್ತಕ ಮಾಡುತ್ತೇನೆಂದು ಮಾಸ್ತರರೊಬ್ಬರು ಬಂದರು. ನನ್ನ ಮಗಳಿಗೆ ಅಕ್ಷರ ಕಲಿಸಿದವರು. ನಮ್ಮ ರೊಟ್ಟಿ, ಶೇಂಗಾ ಹಿಂಡಿ ಮೆಚ್ಚಿ ಉಂಡವರು. ಆ ಕತೆ ಹೇಳಿರೆಂದು ಅತ್ತೆಯನ್ನು ಬೇಡಿಕೊಂಡೆ. “ನನಗ ಹೇಳಾಕ ಬರೂದಿಲ್ಲ. ನೀನ ಹೇಳು” ಎಂದು ಗೋಡೆಯ ಕಡೆ ಹೊರಳಿದರು. ನಾನು ಅಡುಗೆಮನೆಯಲ್ಲಿ ಕೂತು ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ.

ಪುಸ್ತಕ ಬರುವ ತನಕ ಅತ್ತೆ ಗಟ್ಟಿಯಿರಲೆಂದು ಬನಶಂಕರಿಗೆ ಹರಕೆ ಹೊತ್ತಿದ್ದೆ. ತಾಯಿ ಅಷ್ಟು ನಡೆಸಿಕೊಟ್ಟಳು. ಬಿಡುಗಡೆಯ ದಿನ ಅತ್ತೆಗೆ ಎರೆದು, ಮಡಿ ಸೀರೆ ಉಡಿಸಿ, ಮುಂದಿನ ಸಾಲಿನಲ್ಲಿ ಕೂಡಿಸಿದೆ. ವೇದಿಕೆಯ ಮೇಲೆ ಸಾವಕಾರರ ಮೊಮ್ಮಕ್ಕಳು ಶಾಲು ಹೊದ್ದು ಕೂತಿದ್ದರು. ಮಾಸ್ತರರು ಓದತೊಡಗಿದರು. ಎಲ್ಲ ನಾನು ಹೇಳಿದ್ದೇ. ಹುಡುಗಿಯ ಕೈಯಲ್ಲಿ ಮೊದಲ ಎಳೆ ಹರಿದದ್ದು ಕೂಡ. ಪುಸ್ತಕದಲ್ಲಿ ಅವಳ ಕೈಹಿಡಿದು ತಂದವಳು ಮಾತ್ರ ಸಾವಕಾರ್ತಿ.

ಜನ ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಆಟೋದಲ್ಲಿ ಇಷ್ಟೇ ಅಂದರು: “ನನ್ನ ಕತಿ ಸಾವಕಾರ್ರ ಮನಿಗೆ ಕೊಟ್ಟು ಬಂದೇನಂತ ನನಗರ ಒಂದ್ ಮಾತು ಹೇಳ್ಬೇಕಿತ್ತು.”

ಮನೆಗೆ ಬಂದು ದೇವರ ದೀಪ ಮುಟ್ಟಿ, ನಾನು ಹಾಗೆ ಹೇಳಿಲ್ಲವೆಂದೆ.

“ದೇವ್ರನ್ಯಾಕ ನಡುವ ತರ್ತಿ” ಎಂದರು.

ಮರುದಿನ ಮಾಸ್ತರರ ಮನೆಗೆ ಹೋದೆ. ಅವರು ನಾಚಲೂ ಇಲ್ಲ. “ತಂಗೆವ್ವಾ, ಮಗ್ಗ ಅವರ್ವು, ಮನಿ ಅವರ್ದು. ಅವರು ಹೂಂ ಅನ್ನದ ನಡೀತಿತ್ತೇನು? ನಿಮ್ಮತ್ತೀನೂ ಬಿಟ್ಟಿಲ್ಲ. ‘ಇತರ ಹೆಂಗಸರು’ ಅಂತ ಬರದೇನಿ, ನೋಡು.”

ಪುಸ್ತಕ ತಿದ್ದಿರಿ ಎಂದು ನಾನು ಕೇಳಲಿಲ್ಲ. “ನಾ ಹಂಗ ಹೇಳಿರಲಿಲ್ಲ ಅಂತ ಅತ್ತಿ ಮುಂದ ಬಂದು ಹೇಳ್ರಿ ಸರ್. ಅಷ್ಟ ಸಾಕು” ಎಂದೆ. ಸೋಮವಾರ ಬರುತ್ತೇನೆಂದರು. ಬರಲಿಲ್ಲ. ಈಗ ಸಂತೆಯಲ್ಲಿ ನನ್ನನ್ನು ಕಂಡರೆ ಬದನೆಕಾಯಿ ಆರಿಸತೊಡಗುತ್ತಾರೆ.

ಅತ್ತೆ ಇಂದಿಗೂ ನನ್ನ ಕೈಯ ಚಹಾ ಕುಡಿಯುತ್ತಾರೆ, ನನ್ನಿಂದಲೇ ತಲೆ ಬಾಚಿಸಿಕೊಳ್ಳುತ್ತಾರೆ. ಅಷ್ಟಕ್ಕೆ ಬನಶಂಕರಿ ತಾಯಿಗೆ ಕೈಮುಗಿಯುತ್ತೇನೆ. ಮೊನ್ನೆ ಓಣಿಯ ಹೆಣ್ಣುಮಕ್ಕಳು ಅವರ ಸುತ್ತ ಕೂತು, ಹಿಂದಿನ ಕಾಲದ್ದು ಏನಾದರೂ ಹೇಳಿರೆಂದು ಗಂಟುಬಿದ್ದರು. ನಾನೂ ಮೊರ ಹಿಡಿದು ಹೊಸ್ತಿಲ ಬಳಿ ಕೂತೆ. ಅತ್ತೆ ಬಾಯಿ ತೆರೆದವರು ನನ್ನ ಬಳೆ ಸಪ್ಪಳ ಕೇಳಿ ಹೊಸ್ತಿಲ ಕಡೆ ಮುಖ ತಿರುಗಿಸಿದರು.

“ಈಕಿ ಒಳಗ ಹೋಗ್ಲಿ” ಎಂದರು.

ಒಳಗೆ ಹೋದೆ. ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ, ಹೊರಗಿನ ಮಾತು ಕಿವಿಗೆ ಬೀಳದಂತೆ ಜೋರಾಗಿ.