ಅಳೆಯದ ಜಿಗಿತ

ಕೊಪ್ಪಳದ ಮೈದಾನದಲ್ಲಿ ಪೊಲೀಸ್ ಭರ್ತಿ ನಡೆದಿತ್ತು. ಹುಡುಗಿಯರ ಎತ್ತರ, ಉದ್ದಜಿಗಿತ ಅಳೆಯಲು ದೈಹಿಕ ಶಿಕ್ಷಕನಾದ ನನ್ನನ್ನು ಹಾಕಿದ್ದರು. ಎತ್ತರದಲ್ಲಿ ಪಾಸಾದವರಿಗಷ್ಟೇ ಜಿಗಿಯುವ ಅವಕಾಶ.

ಕುಷ್ಟಗಿ ಕಡೆಯ ರೇಣುಕಾ ಉದ್ದಜಿಗಿತದಲ್ಲಿ ಎರಡು ಸಲ ರಾಜ್ಯಕ್ಕೇ ಮೊದಲು ಬಂದವಳು. ಅವಳ ಎತ್ತರ ಒಂದು ಸೆಂಟಿಮೀಟರ್ ಕಡಿಮೆ ಬಿತ್ತು.

"ಇನ್ನೊಮ್ಮೆ ನೋಡ್ರಿ ಸರ್," ಎಂದಳು. ಮೂರು ಸಲ ನೋಡಿದೆ.

"ಕಡಿಮಿನ ಐತವ್ವ. ನಾ ಏನೂ ಮಾಡಾಕ ಬರಂಗಿಲ್ಲ."

"ನೌಕರಿ ಸಿಗಲಿಲ್ಲಂದ್ರ ಜಿಗಿಯೋದು ಬಿಡು, ಮದುವಿ ಮಾಡತೀನಿ ಅಂದಾನ್ರಿ ಅಪ್ಪ. ವರಾನೂ ನೋಡ್ಯಾರ."

ನಾನು ಮುಂದಿನವಳನ್ನು ಕರೆದೆ. ರೇಣುಕಾ ಚಪ್ಪಲಿ ಕಳಚಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಪಕ್ಕದ ಮರಳಿನ ಗುಂಡಿಯತ್ತ ಓಡಿ ಜಿಗಿದೇಬಿಟ್ಟಳು. ಆಚೆ ಅಂಚಿಗೇ ಹೋಗಿ ಬಿದ್ದಳು. ಸಾಲಿನಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು.

"ಅಳೀರಿ ಸರ್," ಎಂದಳು, ಮರಳಿನಲ್ಲಿ ಕೂತೇ.

ಟೇಪು ನನ್ನ ಕೈಯಲ್ಲೇ ಇತ್ತು. ದೂರದಿಂದ ಪೊಲೀಸ್ ಸಾಹೇಬರು ನೋಡುತ್ತಿದ್ದರು.

"ಏಳವ್ವ, ಉಳಿದವರು ಜಿಗೀಬೇಕು," ಎಂದೆ.

ಅವಳು ತಾನೇ ಕೈಯಿಂದ ಮರಳು ಸಮ ಮಾಡಿ ಎದ್ದು ಹೋದಳು. ಅದೇ ತಿಂಗಳು ಮದುವೆಯಾಯಿತೆಂದು ಆಮೇಲೆ ತಿಳಿಯಿತು.

ಭರ್ತಿಯ ದಿನ ಸಂಜೆ, ಅಂದಿನ ಅತಿ ಉದ್ದದ ಜಿಗಿತ ಎಂದು ನಾನು ರುಜು ಹಾಕಿದ್ದು ಬೇರೊಬ್ಬಳ ಹೆಸರಿನ ಮುಂದೆ. ಆಕೆ ಒಳ್ಳೆಯ ಎತ್ತರವಿದ್ದಳು.